ಸ್ಮಿದರೀನ್ಸ್ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರಿಗೆ ಸ್ಮಿದರೀನ್ಸ್ ಎಂಬ ಪದವೆಂದರೆ ಪ್ರಾಣ. ನುಚ್ಚುನೂರಾದ ಚೂರುಗಳು ಎಂದು ಅದರರ್ಥ. ಕಮ್ಮಾರನಿಗೆ ಇಂಗ್ಲಿಷಿನಲ್ಲಿ ಸ್ಮಿತ್ ಅನ್ನುತ್ತಾರೆ, ಅವನ ಸುತ್ತಿಗೆಯೇಟಿಗೇ ಈ ಪದ ಹುಟ್ಟಿದ್ದು ಎಂದು ಮೂವತ್ತು ವರ್ಷ ಮೇಜು ಕುಟ್ಟಿ ಪಾಠ ಮಾಡಿದ್ದರು. ಒಮ್ಮೆ ಕಮ್ಮಾರನ ಮಗಳೇ ಎದ್ದು, "ಸಾರ್, ಕಾದ ಕಬ್ಬಿಣ ಹೊಡೆದ್ರೆ ಬಗ್ಗುತ್ತೆ, ಚೂರಾಗಲ್ಲ" ಎಂದಿದ್ದಳು. ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ. "ನನಗಿಂತ ಜಾಸ್ತಿ ಗೊತ್ತೇನೇ?" ಎಂದು ಗದರಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು.

ನಿವೃತ್ತರಾದ ಮೇಲೆ ಹೊತ್ತು ಹೋಗದೆ ದೊಡ್ಡ ನಿಘಂಟು ತಿರುವಿದರು. ಆ ಪದ ಐರಿಶ್ ಭಾಷೆಯಲ್ಲಿ ಸಣ್ಣ ಚೂರಿಗೆ ಇರುವ ಮಾತಿನಿಂದ ಬಂದಿರಬಹುದಂತೆ; ಕಮ್ಮಾರನ ಸುದ್ದಿಯೇ ಇಲ್ಲ. ಬರೀ ಊಹೆಗೆ ಮಗುವನ್ನು ಬೆಂಚು ಹತ್ತಿಸಿದೆನಲ್ಲ ಎಂದು ಪೇಚಾಡಿಕೊಂಡರು.

ಮರುದಿನವೇ ಕುಲುಮೆಗೆ ಹೋದರು. ಅಪ್ಪನ ಕೆಲಸವನ್ನು ಈಗ ಆ ಮಗಳೇ ನಡೆಸುತ್ತಿದ್ದಳು. ಮೇಷ್ಟ್ರು ಎಲ್ಲ ಹೇಳಿ, "ಅವತ್ತು ನೀನು ಅಂದಿದ್ದೇ ಸರಿ ಕಣಮ್ಮ" ಎಂದರು.

ಅವಳ ಕೈಯ ಸುತ್ತಿಗೆ ಅಲ್ಲೇ ನಿಂತಿತು.

"ಅಯ್ಯೋ ಸಾರ್, ಮೊನ್ನೆ ನನ್ನ ಮಗಳಿಗೂ ನಿಮ್ಮ ಪಾಠಾನೇ ಹೇಳ್ಕೊಟ್ಟೆ. ಕಬ್ಬಿಣ ಚೂರಾಗಲ್ವಲ್ಲಮ್ಮ ಅಂತ ಅವಳೂ ಅಂದ್ಲು. ಮೇಷ್ಟ್ರಿಗಿಂತ ಜಾಸ್ತಿ ಗೊತ್ತೇನೇ ಅಂತ ಕೆನ್ನೆಗೆ ಬಾರಿಸ್ಬಿಟ್ಟೆ."