ಟಾಪಿಗೆ ಹೊರಟ ಅಪ್ಪ

ನಮ್ಮ ಅಪ್ಪನಿಗೆ ದ್ವೀಪ ಎಂಬ ಶಬ್ದ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲೇ ಕಲಿತು, ಭಾಲ್ಕಿಯ ಕಚೇರಿಯಲ್ಲಿ ಕಾರಕೂನನಾಗಿ ಉರ್ದುವಿನಲ್ಲೇ ಬರೆದು ಅರ್ಧ ಆಯುಷ್ಯ ಕಳೆದವನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಭೂಗೋಳವೆಲ್ಲ ಉರ್ದು. ಸಮುದ್ರದ ನಡುವಿನ ನೆಲಕ್ಕೆ ಅವನ ಬಾಯಲ್ಲಿದ್ದುದು ಒಂದೇ ಮಾತು, ಟಾಪು. ಆ ಮಾತು ನನ್ನ ಮದುವೆಯಲ್ಲಿ ಮಾಡಿದ ಕೆಲಸ ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ಔರಾದದ ಒಂದು ಅಂಗಡಿ ಮನೆತನಕ್ಕೆ ನನ್ನನ್ನು ಕೊಡುವುದು ನಿಶ್ಚಯವಾಗಿತ್ತು. ಹುಡುಗ ನನ್ನ ಮನಸ್ಸಿಗೆ ಬಂದಿದ್ದ, ಸುಳ್ಳು ಯಾಕೆ ಹೇಳಲಿ. ಅದೇ ಹೊತ್ತಿಗೆ ಅಪ್ಪ ಅವ್ವನಿಗೆ ಕೊಟ್ಟಿದ್ದ ಒಂದು ಮಾತು ತೀರಿಸಲು ಹೊರಟ. ರಜಾಕಾರರ ಗದ್ದಲದಲ್ಲಿ ನಮ್ಮ ಓಣಿಯವರೆಲ್ಲ ಸೊಲ್ಲಾಪುರದ ಕಡೆ ಓಡಿಹೋಗಿದ್ದರು. ಅಪ್ಪನಿಗೆ ಕಚೇರಿ ಬಿಡುವಂತಿರಲಿಲ್ಲ. ಅವ್ವ ಅವನನ್ನು ಬಿಟ್ಟು ಹೋಗಲಿಲ್ಲ. ಬಾಗಿಲಿಗೆ ಒಳಗಿನಿಂದ ಒನಕೆ ಆನಿಸಿಕೊಂಡು ಕುಳಿತ ಆ ದಿನಗಳಲ್ಲಿ ಅವನು ಹೇಳಿದ್ದನಂತೆ: "ಇದೊಂದು ಮುಗೀಲಿ, ನಿನಗ ಸಮುದ್ರ ತೋರಿಸ್ತೇನಿ."

ಮುಂಬೈಯಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ ಹಬ್ಬಕ್ಕೆ ಬಂದಾಗ ಸಮುದ್ರದ ಮಾತು ಟಾಪುಗಳ ತನಕ ಬೆಳೆಯಿತು. ಅವ್ವ ಆರಿಸುತ್ತಿದ್ದ ತೊಗರಿಬೇಳೆಯ ಮೊರದ ಪಕ್ಕದಲ್ಲೇ ಅಪ್ಪ ಕಾಕಾ ಹೇಳಿದ್ದನ್ನೆಲ್ಲ ಹರಡಿಕೊಂಡ. ನೆಲವೇ ಸಮುದ್ರ, ಶೇಂಗಾಕಾಯಿ ಒಂದೊಂದೂ ಟಾಪು. "ಇದು ಮುಂಬೈ ಧಕ್ಕಿ. ಇಲ್ಲಿ ಲಾಂಚು ಹತ್ತೋದು. ಇದು ಘಾರಾಪುರಿ, ಗುಡ್ಡದಾಗ ದೊಡ್ಡ ಶಿವ ಇದ್ದಾನ. ತಿರುಗಿ ಬಂದು ಇನ್ನೊಂದು ಲಾಂಚು, ರೇವಸ್. ಅಲ್ಲಿ ಬಾಡಗಿ ಮೋಟಾರ. ಮುರುಡ ತನಕ ಮೋಟಾರ, ಆಮ್ಯಾಲ ದೋಣಿ. ಇದು ನೋಡು ಜಂಜೀರಾ, ನೀರಾಗ ನಿಂತ ಕಿಲ್ಲಾ. ನಮ್ಮ ಬೀದರ ಕಿಲ್ಲಾಕ್ಕ ಖಂದಕದಾಗ ನೀರು, ಅದಕ್ಕ ಸುತ್ತೆಲ್ಲಾ ಸಮುದ್ರನ."

ಅವ್ವನ ಚಿಂತೆಯೇ ಬೇರೆ. "ಲಿಂಗಪೂಜಿಗಿ ಉಪ್ಪುನೀರು ನಡೀತದೇನ್ರಿ?"

"ಮೋಟಾರ ನಮ್ಮ ಕೈಯಾಗ ಇರ್ತದಲ್ಲ, ಬಾವಿ ಕಂಡಲ್ಲಿ ನಿಂದರಸ್ತೇನಿ," ಎಂದ ಅಪ್ಪ. ಅವ್ವ ನಕ್ಕು ಘಾರಾಪುರಿಯನ್ನು ಒಡೆದು ಬಾಯಿಗೆ ಹಾಕಿಕೊಂಡಳು. "ಅಲಲಾ, ಶಿವನ್ನೇ ತಿಂದಿ ನೋಡು!" ಎಂದು ಅಪ್ಪ ಬೈದ. ಅವರಿಬ್ಬರೂ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೊನೆಗೊಮ್ಮೆ ಅಪ್ಪನ ರಜೆ ಮಂಜೂರಾಯಿತು. ಮಂಜೂರಿಗೆ ನಮ್ಮ ಮನೆಯಲ್ಲಿ ಹುಕುಂ ಎನ್ನುತ್ತಿದ್ದರು. ಅದೇ ವಾರ ಗಂಡಿನ ಸೋದರತ್ತೆ ಭಾಲ್ಕಿಗೆ ಬಂದವಳು ಹಿಟ್ಟಿನ ಗಿರಣಿಯಲ್ಲಿ ಅವ್ವನಿಗೆ ಸಿಕ್ಕಳು. ಅವ್ವನ ಬಾಯಿ ತಡೆಯಲಿಲ್ಲ. "ನಮ್ಮ ಮನಿಯವರದು ಹುಕುಂ ಬಂತ್ರಿ. ಟಾಪಿಗಿ ಹೊಂಟಾರ." ಜೊತೆಗೆ ತಾನೂ ಹೊರಟಿದ್ದೇನೆ ಎಂದು ಹೇಳಲಿಲ್ಲ. ಮಗಳ ಮದುವೆ ಮುಂದಿಟ್ಟುಕೊಂಡು ಗಂಡನ ಸಂಗಡ ಮಜಾ ಮಾಡಲು ಹೊರಟಿದ್ದಾಳೆ ಎಂದು ಬೀಗರು ಆಡಿಕೊಂಡಾರು ಎಂಬ ನಾಚಿಕೆ ಅವಳಿಗೆ. ಅಯ್ಯ ಶಿವನೆ, ಆ ನಾಚಿಕೆಯೇ ನಮಗೆ ಮುಳುವಾಯಿತು!

ಅದು ಎಂಥ ಕಾಲ ಎಂದು ಹೇಳಬೇಕು. ರಜಾಕಾರರಿಗೆ ಅಕ್ಕಿ ಕೊಟ್ಟವರು, ನೀರು ಕೊಟ್ಟವರು, ಸಲಾಮು ಹೊಡೆದವರು ಯಾರು ಎಂದು ಊರೂರಲ್ಲಿ ಹುಡುಕಾಟ. ಇವತ್ತು ಕಂಡವರನ್ನು ನಾಳೆ ಪೊಲೀಸ್ ಜೀಪು ಒಯ್ಯುತ್ತಿತ್ತು. ಹಳೆ ಕಚೇರಿಯ ಕಾರಕೂನ, ಎಲ್ಲರೂ ಓಡಿದಾಗ ಓಡದೆ ಉಳಿದವನು, ಅವನಿಗೆ ಹುಕುಂ ಬಂದಿದೆ, ಟಾಪಿಗೆ ಹೊರಟಿದ್ದಾನೆ. ನಮ್ಮ ಕಡೆಯ ಮಂದಿಗೆ ಟಾಪು ಎಂದರೆ ಗೊತ್ತಿದ್ದುದು ಒಂದೇ, ಅಂಡಮಾನಿನ ಕರಿನೀರಿನ ಶಿಕ್ಷೆ. ಸೋದರತ್ತೆ ಹಿಟ್ಟಿನ ಡಬ್ಬಿ ತಾನು ಇಳಿದುಕೊಂಡ ಮನೆಯಲ್ಲಿಟ್ಟವಳೇ ಊರಿನ ಬಸ್ಸು ಹತ್ತಿದಳು. ಔರಾದಕ್ಕೆ ರೈಲು ಇರಲಿಲ್ಲ ನಿಜ, ಸುದ್ದಿಗೆ ರೈಲು ಬೇಕಾಗಲಿಲ್ಲ.

ಹುಡುಗಿಯ ಅಪ್ಪನಿಗೆ ಕರಿನೀರಾಗಿದೆ, ಸಂಬಂಧ ಮುರಿಯುತ್ತದೆ ಎಂಬ ಮಾತು ತಿರುಗಿ ನಮ್ಮ ಕಿವಿಗೇ ಬಿದ್ದಾಗ ಅಪ್ಪ ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ಅವ್ವನ ಮುಖ ನೋಡಿ, ರುಮಾಲು ಸುತ್ತಿಕೊಂಡು ಔರಾದಕ್ಕೆ ಹೋದ. ತಿರುಗಿ ಬಂದು ಅವ್ವನಿಗೆ ಎಲ್ಲ ಹೇಳುವಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ.

ಅಂಗಡಿಯಲ್ಲಿ ನಾಲ್ಕು ಮಂದಿಯ ಎದುರು ಅಪ್ಪ ಬಿಡಿಸಿ ಹೇಳಿದನಂತೆ: "ಕರಿನೀರಲ್ರಿ ಬೀಗರೆ, ನೋಡ್ಲಿಕ್ಕ ಹೊಂಟೀವಿ. ಮುಂಬೈದಾಗ ಲಾಂಚು ಹತ್ತೋದು, ಮುಂದ ಬಾಡಗಿ ಮೋಟಾರ, ಮತ್ತ ದೋಣಿ."

ನಮ್ಮ ಮಾವನಾಗಬೇಕಾದವರು ತಕ್ಕಡಿ ಕೆಳಗಿಟ್ಟು ಅಂದರಂತೆ: "ಮುಂಬೈದಾಗ ಹಡಗ ಹತ್ತಿದ ದೊಡ್ಡ ದೊಡ್ಡ ಸಾಹೇಬ್ರು ಎಲ್ಲಿಗಿ ಹೋದ್ರು ನಮಗ ಗೊತ್ತದರಿ. ಒಬ್ಬರರ ತಿರುಗಿ ಬಂದಾರೇನು?"

ನಿಜಾಮರ ಅಧಿಕಾರಿಗಳಲ್ಲಿ ಹೆದರಿದ ಕೆಲವರು ಹಾಗೆ ಮುಂಬೈಯಿಂದ ಕರಾಚಿಗೆ ಹೋಗಿದ್ದರು. ತಗೋ, ನಿಜ ಹೇಳಿದ್ದೇ ಸುಳ್ಳಿಗಿಂತ ಕೆಟ್ಟದ್ದಾಯಿತು! ಶಿಕ್ಷೆಯಾದವನು ಹೋಗಿ ತಪ್ಪಿಸಿಕೊಂಡು ಓಡುವವನಾದ ನಮ್ಮ ಅಪ್ಪ. ಹೊಟ್ಟೆಗೆ ಇಲ್ಲದ ಕಾಲದಲ್ಲಿ ಬರೀ ನೋಡುವುದಕ್ಕೆಂದು ನೀರು ದಾಟುತ್ತಾರೆ ಎಂದರೆ ಆ ಅಂಗಡಿಯಲ್ಲಿ ನಂಬುವವರು ಯಾರಿದ್ದರು?

"ನಾ ಅನ್ನಂಗಿಲ್ರಿ, ಮಂದಿ ಅಂತಾರ," ಎಂದರಂತೆ ಮಾವ. "ಹುಡುಗಿ ನಮಗ ಪಸಂದ ಅದಾಳ. ಆದ್ರ ಅಕ್ಷತಿ ಹೊತ್ತಿನ್ಯಾಗ ನೀವು ಎದುರಿಗಿ ಬ್ಯಾಡ್ರಿ. ನಿಮ್ಮ ತಮ್ಮ ನಿಂದರ್ಲಿ. ನಾಳಿ ನಿಮ್ಮನ್ನ ಜೀಪು ಒಯ್ದ್ರ, ಲಗ್ಗನದಾಗ ಜೋಡಿ ನಿಂತಿದ್ವಿ ಅಂತ ನಮಗೂ ಕೇಳ್ತಾರ."

ಅವ್ವ ಕೆಂಡವಾದಳು. "ಅಪ್ಪ ಇದ್ದೂ ಇಲ್ಲದಂಗ ಲಗ್ಗನ ಆಗಬೇಕೇನು? ಮುರದ ಹೋಗ್ಲಿ ಬಿಡ್ರಿ!"

"ಈಗ ಮುರದ್ರ ಹುಡುಗಿಗಿ ಮತ್ತ ಯಾರು ಕೇಳ್ತಾರ? ನಾ ಹೂಂ ಅಂದು ಬಂದೀನಿ," ಎಂದ ಅಪ್ಪ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಪ್ಪ ಕಾಕಾನಿಗೆ ಹೇಳಿಕಳಿಸಿ ಬಾಡಿಗೆ ಮೋಟಾರು ಬೇಡವೆಂದ. ಅವ್ವ ಆಮೇಲೆ ಸಮುದ್ರದ ಹೆಸರು ಎತ್ತಲಿಲ್ಲ. ಜೀಪು ನಮ್ಮ ಬಾಗಿಲಿಗೆ ಎಂದೂ ಬರಲಿಲ್ಲ. ಅಪ್ಪನನ್ನು ಯಾವ ಪೊಲೀಸನೂ ಯಾವ ಮಾತೂ ಕೇಳಲಿಲ್ಲ. ಆದರೆ ಬೀಗರ ಷರತ್ತು ಷರತ್ತಾಗಿಯೇ ಉಳಿಯಿತು.

ಮದುವೆಯ ದಿನ ಬೆಳಗಾಗುತ್ತಲೇ ಅಪ್ಪ, "ಬೀದರದಾಗ ಗಂಜ್ ಬಜಾರದ ಗೆಳೆಯನ ಅಡತಿ ಅಂಗಡಿಗಿ ಹೋಗಿ ಕೂಡ್ತೇನಿ," ಎಂದು ಹೇಳಿ ಸ್ಟೇಷನ್ನಿಗೆ ನಡೆದ. ನನ್ನ ತಲೆ ಮುಟ್ಟಲು ಕೈ ಎತ್ತಿದವನು, ಅಕ್ಷತೆಯ ಹೊತ್ತಿಗೆ ಮುಂಚೆ ಹರಸುವುದು ಬೇಡ ಎನ್ನಿಸಿತೋ ಏನೋ, ಕೈ ಇಳಿಸಿಕೊಂಡ. ಚಪ್ಪರದಲ್ಲಿ ಅಪ್ಪ ನಿಲ್ಲಬೇಕಾದಲ್ಲಿ ಕಾಕಾ ನಿಂತ. ಅವ್ವ ಕಣ್ಣು ನೆಲಕ್ಕೆ ಊರಿ ನಿಂತಳು. ಅಪ್ಪ ಎಲ್ಲಿ ಎಂದು ಕೇಳಿದವರಿಗೆ ಗಂಡಿನ ಕಡೆಯವರೇ ಮುಂದಾಗಿ, ಮೈಯಲ್ಲಿ ಹುಷಾರಿಲ್ಲ ಎಂದರು. ನಾಲಗೆಗೆ ಎಲುಬಿಲ್ಲದವರು.

ಮಧ್ಯಾಹ್ನ ದಿಬ್ಬಣದ ಬಸ್ಸು ಔರಾದಕ್ಕೆ ಹೊರಟಿತು. ನಾನು ಕಿಟಕಿಗೆ, ಪಕ್ಕದಲ್ಲಿ ಗಂಡ, ಎದುರಿನ ಸೀಟಿನಲ್ಲಿ ಮಾವ. ಕಮಲನಗರ ದಾಟುವಾಗ ರಸ್ತೆಯ ಬದಿಗೆ ಅಪ್ಪ ಕಂಡ. ಬೀದರದ ಕಡೆ ಅಲ್ಲ, ಅವನು ರೈಲು ಹತ್ತಿದ್ದು ಇತ್ತ ಕಡೆಗೆ. ಬಿಸಿಲಲ್ಲಿ ಒಬ್ಬನೇ ನಿಂತಿದ್ದ. ಹೆಗಲ ವಸ್ತ್ರದ ಸೆರಗನ್ನು ಜೋಳಿಗೆ ಮಾಡಿ ಎದೆಗೆ ಹಿಡಿದುಕೊಂಡಿದ್ದ.

"ಅಪ್ಪಾ!" ಎಂದು ನಾನು ಕೂಗಿದೆ. "ಬಸ್ ನಿಂದರಸ್ರಿ, ನಮ್ಮ ಅಪ್ಪ ಅದಾನ!"

ಡ್ರೈವರ್ ಹಿಂದಕ್ಕೆ ನೋಡಿದ. ಮಾವ ಕೈಯಾಡಿಸಿದರು: "ನಡಿ ನಡಿ, ಹೊತ್ತಾಗ್ತದ." ನಾನು ಗಂಡನ ಮುಖ ನೋಡಿದೆ. ಅವನು ಪೇಟ ಸರಿಮಾಡಿಕೊಂಡ.

ಬಸ್ಸು ಪಕ್ಕಕ್ಕೆ ಬಂದಾಗ ಅಪ್ಪ ನಾಲ್ಕು ಹೆಜ್ಜೆ ಓಡಿ ಬಂದು, ಸೆರಗಿನಲ್ಲಿದ್ದ ಅಕ್ಷತೆಯನ್ನು ಎರಡೂ ಕೈಯಲ್ಲಿ ಬಾಚಿ ಕಿಟಕಿಗೆ ಎಸೆದ. ಅರ್ಧ ತಗಡಿಗೆ ಬಡಿದು ರಸ್ತೆಗೆ ಬಿತ್ತು. ಉಳಿದ ಅರ್ಧ ನನ್ನ ತಲೆಗೆ, ಮಡಿಲಿಗೆ, ಮಾವನ ಧೋತರಕ್ಕೆ ಬಿತ್ತು. ಅವರು ಧೋತರ ಕೊಡವುತ್ತ, "ಅರಿಷಿಣದ ಕಲಿ ಹತ್ತಿತು ನೋಡು," ಎಂದರು.

ನಾನು ಬಗ್ಗಿ ಅವರ ಕಾಲ ಬುಡದ ಕಾಳುಗಳನ್ನೆಲ್ಲ ಆರಿಸಿ ತಲೆಗೆ ಹಾಕಿಕೊಂಡೆ. ನನ್ನ ಮದುವೆ ಆದದ್ದು ಆಗ.