ಕಣಗಲೆ ಮೂಲೆಯ ಲಕ್ಕಮ್ಮ

ಲಕ್ಕಮ್ಮ ತಮ್ಮನ ಮಗನ ಮದುವೆಗೂ ಹೋಗಲಿಲ್ಲ. ತವರು ಇಲ್ಲೇ ರಾಜಘಟ್ಟ. ಯಾಕೆ ಹೋಗಲಿಲ್ಲವೆಂದು ಕೇಳಿದರೆ, "ಬೆಳಿಗ್ಗೆ ಮಗಳನ್ನ ರಸ್ತೆಗೆ ಬಿಡೋರ್ಯಾರಕ್ಕ?" ಅಂದಳು. ಮಗಳು ಸಿಂಚನ ಎಳೆಗೂಸಲ್ಲ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಎದುರು ಮನೆಯಲ್ಲಿ ಹಿಟ್ಟಿನ ಮಿಲ್ ನಡೆಸುವ ನನಗೆ ಮೈಯೆಲ್ಲ ಉರಿಯಿತು.

ಆದರೆ ಅವಳ ಮಾತು ಸುಳ್ಳಲ್ಲ. ಅವರ ಗೇಟು ಇರುವುದು ಘಾಟಿ ದೇವಸ್ಥಾನಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ. ಗೇಟಿನ ಬಲಕ್ಕೆ ನಾಗರಕಲ್ಲು, ಅದರ ಸುತ್ತ ಆಳೆತ್ತರ ಮೀರಿದ ಕಣಗಲೆ ಗಿಡಗಳು. ಸ್ಕೂಟರ್ ಹೊರಗೆ ತೆಗೆಯುವವರಿಗೆ ಬಲಗಡೆಯಿಂದ ಏನು ಬರುತ್ತಿದೆಯೋ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಮುಂದಿನ ಚಕ್ರ ರಸ್ತೆಯ ಮೇಲಿರುತ್ತದೆ. ಹಾಗಾಗಿ ಲಕ್ಕಮ್ಮ ದಿನವೂ ತಾನೇ ರಸ್ತೆಗಿಳಿದು, ಬರುವ ವಾಹನಕ್ಕೆ ಕೈ ಅಡ್ಡ ಹಿಡಿದು, "ಬಾ" ಎಂದು ಕರೆಯಬೇಕು. ಗಂಡ ಕೊಂಡಪ್ಪ ಡೇರಿಗೆ ಹಾಲು ಒಯ್ಯುವಾಗಲೂ ಅವಳೇ. ಕಾವಲು ನಾಯಿಗೂ ಅಷ್ಟು ಕೆಲಸವಿರಲಿಲ್ಲ.

ಗಿಡ ಕಡಿಸೆಂದು ಊರೆಲ್ಲ ಹೇಳಿಯಾಯಿತು. ಆದರೆ ಆ ಗಿಡ ನೆಟ್ಟವಳು ಅವಳೇ. ಮದುವೆಯಾಗಿ ಬಹಳ ಕಾಲ ಮಕ್ಕಳಾಗದಿದ್ದಾಗ ಘಾಟಿಯಲ್ಲಿ ಕೈ ಮುಗಿದು, ಮನೆ ಮುಂದೆ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದಳು. ಮಗುವಾದರೆ ಅಲ್ಲಿನ ಒಂದು ಕಡ್ಡಿಗೂ ಕತ್ತಿ ತಾಗಿಸುವುದಿಲ್ಲ ಎಂದು ಹರಕೆ. ಆಗ ಮುಂದೆ ಎತ್ತಿನಗಾಡಿ ದಾರಿ. ಈಗ ಡಾಂಬರು ರಸ್ತೆ, ಭಾನುವಾರ ಬಂತೆಂದರೆ ಕಾರುಗಳ ಜಾತ್ರೆ. ಹರಕೆ ಮಾತ್ರ ಹಾಗೇ ಉಳಿಯಿತು.

"ನಾಗಪ್ಪ ಕೊಟ್ಟ ಮಗಳು. ಗಿಡ ಕಡಿದು ಅವಳಿಗೇನಾದ್ರೂ ಆದ್ರೆ?"

"ಕಡೀದೆ ಏನಾದ್ರೂ ಆದ್ರೆ?" ಅಂದೆ.

ಆ ಎರಡು ಭಯಗಳ ನಡುವೆ ಆಕೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾಗಿದ್ದಳು. ನನಗೂ ಪಾಪವೆನಿಸಿತು.

ಕಳೆದ ಶ್ರಾವಣದಲ್ಲಿ ಆದದ್ದಿಷ್ಟು. ಲಕ್ಕಮ್ಮ ರಸ್ತೆಗಿಳಿದು ಬಲಕ್ಕೆ ತಿರುಗುವಷ್ಟರಲ್ಲಿ ಟೊಮೆಟೊ ತುಂಬಿದ ಟೆಂಪೊ ಅವಳ ಮೊಣಕೈ ಸವರಿಕೊಂಡು ಹೋಯಿತು. ಬಿದ್ದಳು. ಬಳೆ ಚೂರಾಯಿತು, ಜೀವ ಉಳಿಯಿತು. ಮಗಳು ಸ್ಕೂಟರ್ ಅಲ್ಲೇ ಬಿಟ್ಟು ಓಡಿ ಬಂದು ಎತ್ತಿ ಕೂರಿಸಿದಳು. ಆಮೇಲೆ ಒಳಗೆ ಹೋಗಿ ಮಚ್ಚು ತಂದಳು.

"ಬೇಡ ಕಣವ್ವಾ, ಹರಕೆ," ಅಂದಳು ಲಕ್ಕಮ್ಮ.

"ನನ್ನ ಕಾಯ್ತಾ ನೀನು ಹೋಗ್ಬಿಟ್ರೆ ನಾನು ಯಾರ್ನಮ್ಮ ಅಮ್ಮಾ ಅನ್ಲಿ?" ಹುಡುಗಿ ಅಳುತ್ತಲೇ ಮಚ್ಚು ಎತ್ತಿದಳು.

ಲಕ್ಕಮ್ಮ ಎದ್ದು ಆ ಕೈ ಹಿಡಿದಳು. ತಡೆಯುತ್ತಾಳೆಂದೇ ನಾನಂದುಕೊಂಡೆ. ಅವಳು ಮಚ್ಚು ಕಿತ್ತುಕೊಂಡು ಮಗಳನ್ನು ಹಿಂದಕ್ಕೆ ತಳ್ಳಿದಳು.

"ನಿನ್ನ ಕೈಯಿಂದ ಬೇಡ. ಹರಕೆ ಹೊತ್ಕೊಂಡೋಳು ನಾನು. ತಗಲೋದು ನನಗೇ ತಗಲ್ಲಿ."

ಮೊದಲು ಕಲ್ಲಿಗೆ ಕೈ ಮುಗಿದಳು. ರಕ್ತ ಸುರಿಯುವ ಮೊಣಕೈಯಲ್ಲೇ ಒಂದೊಂದಾಗಿ ಕಡಿದಳು. ಕೊನೆಗೆ ಕಲ್ಲು ಮಾತ್ರ ಉಳಿಯಿತು. ತಿರುವಿನಾಚೆಯ ಸೇತುವೆವರೆಗೂ ರಸ್ತೆ ಬೆತ್ತಲಾಗಿ ಕಂಡಿತು.

ಮಾರನೆಯ ದಿನ ಸಿಂಚನ ತಾನೇ ನೋಡಿಕೊಂಡು ಸ್ಕೂಟರ್ ಹೊರಗೆ ತೆಗೆದಳು. "ಈಗ ಕಾಣುತ್ತಲ್ಲಮ್ಮ, ಒಳಗೆ ಹೋಗು," ಅಂದಳು.

"ನೀನು ಹೋಗವ್ವ, ನಾನು ಹೋಗ್ತೀನಿ."

ಲಕ್ಕಮ್ಮ ಹೋಗಲಿಲ್ಲ. ಇವತ್ತಿಗೂ ಹೋಗುವುದಿಲ್ಲ. ಮೊದಲು ಬಲಗಡೆಯಿಂದ ಬರುವುದಕ್ಕೆ ಹೆದರುತ್ತಿದ್ದಳು, ಈಗ ಹರಕೆ ಮುರಿದದ್ದಕ್ಕೆ ಯಾವ ಕಡೆಯಿಂದ ಏನು ಬರುತ್ತದೆಂದೇ ಅವಳಿಗೆ ಗೊತ್ತಿಲ್ಲ. ಸಂಜೆ ಮಗಳು ಹಿಂತಿರುಗುವವರೆಗೂ ಬೋಳು ಕಲ್ಲಿನ ಪಕ್ಕ ಕೂತಿರುತ್ತಾಳೆ.