ಕಸ್ತೂರೆವ್ವನ ಸದ್ದಿಲ್ಲದ ಪಾಠ

ನಮ್ಮ ಹಿತ್ತಲಿಗೆ ಹತ್ತಿದ ಮಗ್ಗದ ಶೆಡ್ಡಿನಲ್ಲಿ ಕಸ್ತೂರೆವ್ವ ದಿನಾ ಬೆಳಿಗ್ಗೆ ಗಂಡನನ್ನು ಬೈಯುತ್ತಾಳೆ ಎಂದು ನಾನು ಎರಡು ತಿಂಗಳು ನಂಬಿದ್ದೆ. ಹಲ್ಲುಜ್ಜುತ್ತ ಹೊರಗೆ ಬಂದರೆ ಶೆಡ್ಡಿನ ಕಿಟಕಿ ಎದುರಿಗೇ ಇರುತ್ತದೆ. ಒಳಗೆ ನಾಲ್ಕು ಪವರ್‌ಲೂಮು ಖಟಪಟ ಬಡಿದುಕೊಳ್ಳುತ್ತಿರುತ್ತವೆ. ಈ ತುದಿಗೆ ಕಸ್ತೂರೆವ್ವ, ಆ ತುದಿಗೆ ಗಂಡ ಗಿರಮಲ್ಲಪ್ಪ. ಆಕೆ ಬಾಯಿ ದೊಡ್ಡದು ಮಾಡಿ ಏನೋ ಹೇಳುತ್ತಾಳೆ, ಬೆರಳೆತ್ತಿ ಒಂದು, ಎರಡು, ಮೂರು ಎಂದು ತಪ್ಪು ಎಣಿಸಿದ ಹಾಗೆ ಎಣಿಸುತ್ತಾಳೆ. ಆತ ತಲೆಯಾಡಿಸುತ್ತಾನೆ. ಆ ಗದ್ದಲದಲ್ಲಿ ಒಂದಕ್ಷರವೂ ಕೇಳಿಸುವುದಿಲ್ಲ.

ಬನಹಟ್ಟಿಯಲ್ಲೇ ಹುಟ್ಟಿದರೂ ನಾನು ನೇಕಾರನಲ್ಲ, ಸೊಸೈಟಿಯ ಗುಮಾಸ್ತ. ಮಗ್ಗದವರು ಕಿವಿಯಿಂದಲ್ಲ, ಕಣ್ಣಿನಿಂದ ಕೇಳುತ್ತಾರೆ, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ ಎಂಬುದು ಗೊತ್ತಿತ್ತು. ಹಿಡಿಯಲು ಮಾತ್ರ ನನಗೆ ಬರುತ್ತಿರಲಿಲ್ಲ. ಆದರೂ ಓಣಿಯ ಸಂಸಾರಗಳನ್ನು ಸರಿಪಡಿಸುವುದು ಹಿರಿಯನಾದ ನನ್ನ ಹೊಣೆ ಎಂದುಕೊಂಡು ಒಂದು ದಿನ ಗಿರಮಲ್ಲಪ್ಪನನ್ನು ಚಹಾದಂಗಡಿಗೆ ಕರೆದೊಯ್ದೆ.

"ಗಿರಮಲ್ಲಪ್ಪಾ, ಎಷ್ಟ ದಿನಾ ಅಂತ ಸಹಿಸ್ಕೋತಿ? ಬೇಕಾದ್ರ ತಂಗಿಗೆ ನಾನ ಎರಡ ಮಾತ ಹೇಳ್ತೇನಿ."

"ಹೇಳ್ರಿ ಅಣ್ಣಾರ, ಪುಣ್ಯಾ ಬರತೈತಿ. ಮೊದಲನೇ ನಿಯಮ, ಎರಡನೇ ನಿಯಮ ಛಲೋ ಹೇಳ್ತಾಳು. ಮೂರನೇದ್ದಕ್ಕ ಬಂದು ತಡವರಸ್ತಾಳು."

"ಯಾವ ನಿಯಮ?"

"ನ್ಯೂಟನ್ನಂದರಿ. ನೀವ್ ಯಾವುದು ಅಂದ್ಕೊಂಡ್ರಿ?"

ಸುದ್ದಿ ಹೀಗಿತ್ತು. ಹಿಂದಿನ ವರ್ಷ ಕಸ್ತೂರೆವ್ವನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಜಮಖಂಡಿಯ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದರು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ಕಸ್ತೂರೆವ್ವ, "ಇದು ಚರ್ಮಾ ದಾಟಿ ಹೋಗತೈತಿ, ಎಲುವು ದಾಟಿ ಯಾಕ ಹೋಗಂಗಿಲ್ರಿ?" ಎಂದು ಕೇಳಿದಳು. ಅಲ್ಲಿದ್ದವನು, "ಅದೆಲ್ಲಾ ನಿನಗ ತಿಳಿಯಂಗಿಲ್ಲಬೇ, ಹೊರಗ ನಿಂದ್ರು" ಎಂದ. ಅತ್ತೆಯ ಎಲುಬು ಆರು ವಾರಕ್ಕೆ ಕೂಡಿಕೊಂಡಿತು. ಸೊಸೆಗೆ ಆ ಮಾತು ಚುಚ್ಚಿಕೊಂಡೇ ಉಳಿಯಿತು.

ಅದೇ ಆಸ್ಪತ್ರೆಯವರು ಎಕ್ಸ್‌ರೇ ಸಹಾಯಕರ ತರಬೇತಿಗೆ ಅರ್ಜಿ ಕರೆದಾಗ ಆಕೆ ಹಾಕಿಯೇಬಿಟ್ಟಳು. ಹತ್ತನೇ ಇಯತ್ತೆ ಪಾಸಾಗಿರಬೇಕು. ಹೈಸ್ಕೂಲಿನ ಭೌತಶಾಸ್ತ್ರದ ಮೇಲೆ ಐವತ್ತು ಅಂಕದ ಪರೀಕ್ಷೆ: ಬಲ, ವಿದ್ಯುತ್ತು, ಕಡೆಗೆ ವಿಕಿರಣಪಟುತ್ವ. ವಯಸ್ಸು ನಲವತ್ತು ತುಂಬಿರಬಾರದು. ಕಸ್ತೂರೆವ್ವನಿಗೆ ಶ್ರಾವಣದಲ್ಲಿ ನಲವತ್ತು ತುಂಬುತ್ತಿತ್ತು, ಪರೀಕ್ಷೆ ಜೂನಿನಲ್ಲಿ. ಇನ್ನೊಂದು ಸಲ ಎಂಬುದೇ ಇರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಎಂಬತ್ತನಾಲ್ಕು ಅಂಕ ತೆಗೆದವನು ನಾನು. ಮೂವತ್ತೈದು ವರ್ಷವಾದರೂ ಮದುವೆಯ ಪಂಕ್ತಿಗಳಲ್ಲಿ ಈ ಸುದ್ದಿ ಹೇಗೋ ಹೊರಬೀಳುತ್ತದೆ, ನಾನೇ ಬೀಳಿಸುತ್ತೇನೆ. ಹೀಗಾಗಿ ಗುರುಪೀಠ ತಾನಾಗಿಯೇ ನನ್ನದಾಯಿತು. ಕರೆಂಟು ಹೋಗಿ ಮಗ್ಗ ನಿಂತಾಗ ಸೀಮೆಸುಣ್ಣ ಹಿಡಿದು ಹೋಗುತ್ತಿದ್ದೆ.

"ಹೇಳು ತಂಗಿ, ಜಡತ್ವ ಅಂದ್ರ ಏನು?"

ಕಸ್ತೂರೆವ್ವ ಛಾವಣಿಯ ತಗಡು ನೋಡಿದಳು, ನೆಲ ನೋಡಿದಳು. "ಮುಂಜಾನೆ ಬರತಿತ್ರಿ ಅಣ್ಣಾರ."

ನಾಲ್ಕು ದಿನ ಇದೇ ಉತ್ತರ. ಇದು ಆಗುವ ಮಾತಲ್ಲ, ಮೆತ್ತಗೆ ಹೇಗೆ ತಿಳಿಸಲಿ ಎಂದು ನಾನು ಯೋಚಿಸುತ್ತಿದ್ದಾಗ ಕರೆಂಟು ಬಂತು. ಮಗ್ಗ ಶುರುವಾದದ್ದೇ ತಡ, ಆಕೆಯ ತುಟಿಯೂ ಶುರುವಾಯಿತು. ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯ ಕಡೆ ಕೈ ಮಾಡಿ ಏನೇನೋ ಹೇಳಿದಳು. ಗಿರಮಲ್ಲಪ್ಪ ನನ್ನ ಕಿವಿಗೆ ಬಾಯಿ ಹಚ್ಚಿ ಒದರಿದ: "ಕೋಲು ಹೊಡದು ಬಿಟ್ಟ ಮ್ಯಾಲೂ ಲಾಳಿ ತಾನ ಓಡತೈತಿ, ಆ ಕಡೀ ಪೆಟ್ಟಿಗಿ ತಡದಾಗಷ್ಟ ನಿಂದರತೈತಿ, ಅದ ಜಡತ್ವ ಅನ್ನಾಕತ್ತಾಳ್ರಿ!"

ಇಪ್ಪತ್ತು ವರ್ಷ ಗದ್ದಲದಲ್ಲೇ ವಿಚಾರ ಮಾಡಿದ ತಲೆ ಅದು. ಸದ್ದು ನಿಂತರೆ ಅದೂ ನಿಲ್ಲುತ್ತಿತ್ತು.

ಅಂದಿನಿಂದ ಮಗ್ಗ ನಡೆಯುವಾಗಲೇ ಪಾಠ. ನಾನು ಕಿರುಚಿ ಗಂಟಲು ಕೆಡಿಸಿಕೊಂಡೆ, ನನಗೆ ಕೇಳಿಸಲೆಂದು ಗಂಡಹೆಂಡತಿ ಹತ್ತಿರ ಬಂದು ಒದರಿದರು, ಆಕೆ ಕಲಿತಳು. ವಿದ್ಯುತ್ತಿನ ಪಾಠ ಬಂದಾಗ ಸರಣಿ ಜೋಡಣೆ, ಸಮಾಂತರ ಜೋಡಣೆ ವಿವರಿಸಲು ಗೋಡೆಯ ಮೇಲೆ ಬಲ್ಬುಗಳ ಚಿತ್ರ ಬರೆಯತೊಡಗಿದೆ. ಅದು ಮುಗಿಯುವ ಮೊದಲೇ ಆಕೆ ನಾಲ್ಕರಲ್ಲಿ ಒಂದು ಮಗ್ಗವನ್ನಷ್ಟೇ ನಿಲ್ಲಿಸಿ, ಸೀರೆಯ ಉದ್ದಕ್ಕೂ ಹಾಸಿದ ಎಳೆಗಳ ಮೇಲೆ ಕೈ ಸವರಿದಳು.

"ಹಾಸಿನ ಎಳಿ ಸಾವಿರಾರು ಅದಾವ್ರಿ. ಒಂದ್ ಹರಿದ್ರ ಉಳಿದಾವು ನಡದ ಇರ್ತಾವು. ಅದು ಸಮಾಂತರ. ಲಾಳಿಯೊಳಗಿನ ಹೊಕ್ಕಿನ ಎಳಿ ಒಂದ. ಆ ಕಡಿ ಈ ಕಡಿ ಅದ ಓಡ್ಯಾಡತೈತಿ. ಅದು ಹರೀತಂದ್ರ ಮಗ್ಗನ ನಿಂತಿತು. ಅದು ಸರಣಿ. ಹೌದಲ್ರಿ?"

ನಾನು ಬಲ್ಬುಗಳನ್ನು ಅಳಿಸಿದೆ.

ಕಡೆಯ ಪಾಠ ವಿಕಿರಣಪಟುತ್ವ. ಅಂಥ ವಸ್ತು ಇಂತಿಷ್ಟು ದಿನಕ್ಕೆ ಅರ್ಧವಾಗುತ್ತದೆ, ಮತ್ತೆ ಅಷ್ಟೇ ದಿನಕ್ಕೆ ಉಳಿದದ್ದರಲ್ಲಿ ಅರ್ಧ, ಇದಕ್ಕೆ ಅರ್ಧಾಯು ಎನ್ನುತ್ತಾರೆ ಎಂದೆ.

"ಎರಡ ಸಲಕ್ಕ ಪೂರಾ ಖಾಲಿ ಅನ್ರಿ," ಎಂದ ಗಿರಮಲ್ಲಪ್ಪ.

"ಆಹಾ, ಶ್ಯಾಣ್ಯಾ!" ಎಂದಳು ಕಸ್ತೂರೆವ್ವ. "ನಮ್ಮ ಮನ್ಯಾಗ ಕಡೀ ಹೋಳಿಗಿ ಎಂದಾದ್ರೂ ಖಾಲಿ ಆಗೇತೇನು? ಕಡೀದ್ದು ತಿಂದಾವರು ಅನಿಸ್ಕೋಬಾರದಂತ ಬಂದಾವರೆಲ್ಲಾ ಇದ್ದದ್ದರಾಗ ಅರ್ಧ ಮುರಕೊಂಡ ಹೋಗ್ತೀರಿ. ಸಂಜೀಕ ನೋಡಿದ್ರ ಬುಟ್ಟ್ಯಾಗ ಉಗುರಿನಷ್ಟು ಉಳದ ಇರತೈತಿ."

ನನ್ನ ಪಾಠದಲ್ಲಿ ನನಗೇ ಕೆಲಸವಿಲ್ಲದಂತಾಯಿತು. ಮಾನ ಉಳಿಸಿಕೊಳ್ಳಲು, ಎಕ್ಸ್‌ರೇ ತೆಗೆಸಿಕೊಂಡವನೂ ನಾಲ್ಕು ದಿನ ತಾನೇ ಕಿರಣ ಸೂಸುತ್ತಾನೆ ಎಂದು ಗಂಭೀರವಾಗಿ ಸೇರಿಸಿದೆ. ಕಸ್ತೂರೆವ್ವ ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು, ಹಾಳೆ ತಿರುವಿದಳು. ಒಪ್ಪಿಕೊಂಡಳು ಎಂದುಕೊಂಡೆ.

ಪರೀಕ್ಷೆಯ ದಿನ ಗಂಡನ ಜೊತೆ ಗುರುವೂ ಜಮಖಂಡಿಗೆ ಹೋದ. ಆಸ್ಪತ್ರೆಯ ಊಟದ ಹಾಲಿನಲ್ಲಿ ಎರಡೂ ಗೋಡೆಗುಂಟ ಎದುರುಬದುರಾಗಿ ಮೇಜು ಹಾಕಿದ್ದರು. ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ನಾವಿಬ್ಬರೂ ಕಿಟಕಿಯಿಂದ ಇಣುಕಿದರೆ ಎಲ್ಲರೂ ಬರೆಯುತ್ತಿದ್ದಾರೆ, ಕಸ್ತೂರೆವ್ವ ಮಾತ್ರ ಛಾವಣಿ ನೋಡುತ್ತಿದ್ದಾಳೆ. ಅರ್ಧ ತಾಸಾಯಿತು. ಹಾಳೆ ಬೆಳ್ಳಗೆ, ಗಿರಮಲ್ಲಪ್ಪನ ಮುಖವೂ ಬೆಳ್ಳಗೆ.

"ಇಲ್ಲಿ ಮಗ್ಗಾ ಎಲ್ಲಿಂದ ತರೂದ್ರಿ ಅಣ್ಣಾರ?" ಎಂದ ಆತ, ಅಳುವ ದನಿಯಲ್ಲಿ.

ಅಷ್ಟರಲ್ಲಿ ಮೇಜಿನ ಕೆಳಗೆ ಕಸ್ತೂರೆವ್ವನ ಬರಿಗಾಲು ಮೆಲ್ಲಗೆ ನೆಲ ತಟ್ಟತೊಡಗಿತು. ಮಗ್ಗದ್ದೇ ಲಯ. ತುಟಿ ಅಲುಗಿತು. ಪೆನ್ನು ಓಡಿತು. ಗಿರಮಲ್ಲಪ್ಪ ಕಿಟಕಿಯ ಸರಳಿಗೇ ಕೈ ಮುಗಿದ.

ಮಧ್ಯಾಹ್ನ ಒಳಗಿನಿಂದ ಕರೆ ಬಂತು. ಪರೀಕ್ಷೆಗೆ ಕಾವಲಿದ್ದ ಡಾಕ್ಟರ ಮೇಜಿನ ಮೇಲೆ ಎರಡು ಉತ್ತರಪತ್ರಿಕೆ. ಒಂದು ಕಸ್ತೂರೆವ್ವನದು, ಇನ್ನೊಂದು ರಬಕವಿಯ ರೇಷ್ಮಾ ಎಂಬ ಹುಡುಗಿಯದು. ಎರಡರಲ್ಲೂ ಅದೇ ಲಾಳಿ, ಅದೇ ಹೊಕ್ಕಿನ ಎಳೆ, ಅದೇ ಹೋಳಿಗೆ.

"ಚೀಟಿ ಇಲ್ಲ, ಫೋನಿಲ್ಲ, ಪಿಟ್ಟೆನ್ನುವ ಸದ್ದಿಲ್ಲ. ಇವರು ಈ ಗೋಡೆಗೆ, ಅವರು ಆ ಗೋಡೆಗೆ. ಹೇಗೆ ನಕಲು ಮಾಡಿದಿರಿ ಹೇಳಿ, ಇಲ್ಲವಾದರೆ ಇಬ್ಬರದೂ ರದ್ದು," ಎಂದರು ಡಾಕ್ಟರು.

ನಾನು ಗಂಟಲು ಸರಿಮಾಡಿಕೊಂಡು ನನ್ನ ಎಂಬತ್ತನಾಲ್ಕು ಅಂಕದಿಂದ ವಿವರಣೆ ಆರಂಭಿಸುವಷ್ಟರಲ್ಲಿ ರೇಷ್ಮಾ ಸಿಡಿದಳು.

"ಅಲ್ರೀ ಸರ, ಈ ಅಕ್ಕಾರು ಎದರಿಗೆ ಕುಂತು ಎರಡ ತಾಸ ಒಂದ ಸವನ ಒದರ್ಯಾರ್ರಿ! ನಾನೂ ಮಗ್ಗದ ಮನ್ಯಾಕಿ. ಕಣ್ಣ ಮುಚ್ಚಿಕೊಂಡು ಪೇಪರ್ ಬರೀಲೇನ್ರಿ?"

"ಒದರಿದರೇ? ನಾನು ಅಲ್ಲೇ ಇದ್ದೆನಲ್ಲ!" ಎಂದರು ಡಾಕ್ಟರು.

"ನೀವು ಕಿವೀಲೆ ಕೇಳಾವ್ರು, ನಿಮಗ ಕೇಳಸಂಗಿಲ್ರಿ," ಎಂದಳು ಕಸ್ತೂರೆವ್ವ ತಲೆ ತಗ್ಗಿಸಿ. "ತಪ್ಪು ನಂದರಿ. ಬಾಯಿ ಆಡಸಲಿಲ್ಲಂದ್ರ ನನಗ ಒಂದೂ ನೆನಪಾಗಂಗಿಲ್ಲ. ಎದರಿಗೆ ನಮ್ಮ ಪೈಕಿ ಹುಡುಗಿ ಕುಂತೈತಿ ಅಂತ ಖರೇನ ಗೊತ್ತಿರಲಿಲ್ರಿ."

ಡಾಕ್ಟರು ನಂಬಲಿಲ್ಲ. ರೇಷ್ಮಾಳನ್ನು ಅಂಗಳದಾಚೆಯ ಗೇಟಿನ ಹತ್ತಿರ ನಿಲ್ಲಿಸಿದರು. ಕಸ್ತೂರೆವ್ವನಿಗೆ ಮೆಲ್ಲಗೆ ಒಂದು ಹೊಸ ಪ್ರಶ್ನೆ ಕೇಳಿ, ದನಿ ತೆಗೆಯದೆ ಉತ್ತರಿಸಲು ಹೇಳಿದರು. ಪ್ರಶ್ನೆ ಏನು ಗೊತ್ತೇ? ಎಕ್ಸ್‌ರೇ ಚಿತ್ರದಲ್ಲಿ ಎಲುಬು ಮಾತ್ರ ಏಕೆ ಎದ್ದು ಕಾಣುತ್ತದೆ?

ಕಸ್ತೂರೆವ್ವನ ಮುಖ ಅರಳಿತು. ಕಾಲು ತಟ್ಟಿತು, ತುಟಿ ಆಡಿತು. ಗೇಟಿನಿಂದ ರೇಷ್ಮಾಳ ದನಿ ಇಡೀ ಅಂಗಳಕ್ಕೆ ಕೇಳಿಸಿತು:

"ಸೀರಿ ಬೆಳಕಿಗೆ ಹಿಡದ್ರ ತೆಳ್ಳನ ಒಡಲಿನ್ಯಾಗ ಬೆಳಕು ದಾಟತೈತಂತ್ರಿ! ದಟ್ಟ ನೇಯ್ದ ಅಂಚಿನ್ಯಾಗ ದಾಟಂಗಿಲ್ಲಂತ! ಎಲುವಿನ್ಯಾಗ ಕ್ಯಾಲ್ಸಿಯಂ ಐತಿ, ಅದು ಅಂಚಿನಗತೆ ಕಿರಣಾ ಹಿಡಕೊಂತೈತಂತ! ಮಾಂಸ ಒಡಲಿನಗತೆ ಬಿಟ್ಟು ಕೊಡತೈತಂತ! ಮತ್ತ... ಇದು ನನಗ ತಿಳಿಯಂಗಿಲ್ಲ ಅಂತ ಹೋದ ವರ್ಷ ಇಲ್ಲೇ ಯಾರೋ ಅಂದಿದ್ರಂತ್ರಿ!"

ಡಾಕ್ಟರು ಕನ್ನಡಕ ತೆಗೆದು ನಕ್ಕರು. ರೇಷ್ಮಾ ಗೋಡೆಗೆ ಮುಖ ಮಾಡಿ ಮತ್ತೆ ಪರೀಕ್ಷೆ ಬರೆದಳು. ಸೀಟಿಗೆ ಮೂರು ಅಂಕ ಕಡಿಮೆ ಬಿತ್ತು. ಇಪ್ಪತ್ತೆರಡರ ಹುಡುಗಿ, ಮುಂದಿನ ವರ್ಷವಿದೆ. ಈಗ ಭಾನುವಾರ ಬನಹಟ್ಟಿಗೆ ಬಂದು ಕಸ್ತೂರೆವ್ವನ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಾಳೆ. ನನ್ನನ್ನು ಯಾರೂ ಕರೆದಿಲ್ಲ. ಕಸ್ತೂರೆವ್ವನಿಗೆ ಮೂವತ್ತೆಂಟು ಅಂಕ, ಸೀಟು, ಬಿಳಿ ಕೋಟು.

ಮೊನ್ನೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಇಳಿಸಿಟ್ಟ ಕಲ್ಲಿನಂಥ ಬೆಲ್ಲದ ಪೆಂಟೆಗೆ ಎಡವಿ ಮೊಣಕೈ ಊದಿಸಿಕೊಂಡ ನಾನು ಅದೇ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ಕೋಣೆಯಲ್ಲಿ ಆ ಕೋಟಿನ ಕಸ್ತೂರೆವ್ವ ನನ್ನ ಕೈಯನ್ನು ಯಂತ್ರದ ಕೆಳಗೆ ಹೊಂದಿಸಿದಳು. ಹೊರಗೆ ಕುಳಿತ ಹತ್ತು ಜನಕ್ಕೆ ಇವಳ ಗುರು ಯಾರೆಂದು ತಿಳಿಯಲಿ ಎಂದು ನಾನು ಗಟ್ಟಿಯಾಗಿ ಕೇಳಿದೆ:

"ತಂಗೀ, ನಾ ಇನ್ನ ನಾಕ್ ದಿನಾ ಕಿರಣಾ ಬಿಡ್ತೇನಲ್ಲಾ, ಮನ್ಯಾಗ ನಿಮ್ಮ ವೈನಿಯಿಂದ ಎಷ್ಟ ಮಾರು ದೂರ ಕುಂದ್ರಬೇಕು?"

"ಸ್ವಿಚ್ ಆರಿದ್ರ ಕಿರಣಾನೂ ಆರ್ತಾವ್ರಿ ಅಣ್ಣಾರ. ಅದನ್ನ ನೀವು ಆವತ್ತೂ ತಪ್ಪ ಹೇಳಿದ್ರಿ, ನಾ ಸುಮ್ಮನಿದ್ದೆ. ಈಗ ನೀವು ಸುಮ್ಮನಿರ್ರಿ, ಕೈ ಅಲಗಾಡಾಕತ್ತೈತಿ."